ಹಗುರ ಕೆಲಸ

ಜಗಳ ಶುರುವಾದದ್ದು ಸಕ್ಕರೆ ಡಬ್ಬಿಯಿಂದ. ಬೆಳಗ್ಗೆ ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದ ಮಾವ ಡಬ್ಬಿಯನ್ನು ಮುಚ್ಚಳ ಹಿಡಿದೇ ಎತ್ತಿದರು. ಮುಚ್ಚಳ ಕೈಯಲ್ಲಿ ಉಳಿಯಿತು, ಡಬ್ಬಿ ನೆಲಕ್ಕೆ ಬಿತ್ತು. ಒಲೆಯ ಬುಡದಿಂದ ಬಾಗಿಲ ಹೊಸ್ತಿಲವರೆಗೆ ಸಕ್ಕರೆಯೋ ಸಕ್ಕರೆ.

"ಈ ಮನೇಲಿ ಮುಚ್ಚಳ ಗಟ್ಟಿಯಾಗಿ ಹಾಕೋರು ಒಬ್ಬರೂ ಇಲ್ವಾ?" ಎಂದು ಕೇಳಿದರು.

ಅವರ ಮಗಳು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಕ್ಷೌರದಂಗಡಿಯಲ್ಲಿ ಕೆಲಸ, ಬಾಯಿ ಕತ್ತರಿಗಿಂತ ಚುರುಕು. ಮನೆಯವರೆಲ್ಲ ಅವಳನ್ನು ಚಿನಕುರಳಿ ಎಂದೇ ಕರೆಯುವುದು. "ಡಬ್ಬಿನ ಕತ್ತು ಹಿಡಿದು ಎತ್ತಿದ್ರೆ ಹಾಗೇ ಆಗೋದು ಅಪ್ಪ. ಸೊಂಟ ಹಿಡೀಬೇಕು" ಎಂದಳು.

ಮಾವನಿಗೆ ನಗು ಬರಲಿಲ್ಲ. ಇದೇನು ಮೊದಲ ಸಲವಲ್ಲ. ಬೇಳೆ ಡಬ್ಬಿ, ಉಪ್ಪಿನ ಡಬ್ಬಿ, ಎಣ್ಣೆಯ ಜಾಡಿ, ಯಾವುದನ್ನು ಮುಟ್ಟಿದರೂ ಮುಚ್ಚಳ ಸುಮ್ಮನೆ ಮೇಲೆ ಕೂತಿರುತ್ತದೆ, ನೆಂಟರ ಮನೆಗೆ ಬಂದವರ ಹಾಗೆ. ವರ್ಷಗಳಿಂದ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಅವರ ಕಣ್ಣು ಸೊಸೆಯ ಕಡೆ ಹೋಯಿತು. ಆಫೀಸಿನಲ್ಲಿ ಊರಿಗೆಲ್ಲ ನಿಯಮ ಹೇಳುವವರು ಮನೆಯಲ್ಲಿ ಒಂದು ಮುಚ್ಚಳ ಹಾಕುವುದಿಲ್ಲ ಎಂದು ಗೋಡೆಗೆ ಹೇಳಿದರು. ಸೊಸೆ ಗಂಟಲಿಗೆ ಬಂದ ಮಾತನ್ನು ಬ್ರೆಡ್ಡಿನ ಜೊತೆ ನುಂಗಿದಳು. ಅವಳ ಲೆಕ್ಕದಲ್ಲಿ ಇದು ಚಿನಕುರಳಿಯ ಕೆಲಸ. ಚಿನಕುರಳಿಯ ಲೆಕ್ಕದಲ್ಲಿ ಅಣ್ಣನದು. ಅಣ್ಣ ಬಸ್ ಡ್ರೈವರು. ಮುಂಜಾನೆಯ ಪಾಳಿಗೆ ಆಗಲೇ ಹೋಗಿಯಾಗಿತ್ತು, ಆದ್ದರಿಂದ ತಪ್ಪನ್ನು ಅವನ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಅತ್ತೆ ಪೊರಕೆ ತೆಗೆದುಕೊಂಡು ಬಂದರು. "ಬಿಡಿ, ನಂದೇ ಇರಬೇಕು" ಎಂದರು.

ಯಾರೂ ನಂಬಲಿಲ್ಲ. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕು ಬಿಡದ ಹೆಂಗಸು ಮುಚ್ಚಳ ಬಿಡುತ್ತಾಳೆಯೆ?

"ಇವತ್ತಿಂದ ಮುಚ್ಚಳದ ಖಾತೆ ನಂದು" ಎಂದು ಮಾವ ಸಾರಿದರು. ಟವೆಲು ಸುತ್ತಿ, ಹಲ್ಲು ಕಚ್ಚಿ, ಕಪಾಟಿನಲ್ಲಿದ್ದ ಪ್ರತಿಯೊಂದು ಮುಚ್ಚಳವನ್ನೂ ಬಿಗಿದು ಕೆಲಸಕ್ಕೆ ಹೊರಟರು.

ಆ ಮನೆಯ ಮೂವರು ಹೋಗುತ್ತಿದ್ದದ್ದು ಒಂದೇ ಗೇಟಿಗೆ. ಆಸ್ಪತ್ರೆಗಳ, ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆದು ಕೊಡುವ ದೊಡ್ಡ ಕಾರ್ಖಾನೆ ಅದು. ಮಾವ ಕೆಳಗಿನ ಒಗೆಯುವ ವಿಭಾಗದಲ್ಲಿ. ಕೊಳೆ ಗಂಟುಗಳನ್ನು ಯಂತ್ರದ ಬಾಯಿಗೆ ತುಂಬುವ ಗಂಡಸರ ಗುಂಪಿಗೆ ಹಿರಿಯ. ಅದಕ್ಕೆ ಕಾರ್ಖಾನೆಯಲ್ಲಿ 'ಭಾರ ದರ್ಜೆ' ಎಂದು ಹೆಸರು. ಅತ್ತೆ ಪಕ್ಕದ ಸಾಲಿನಲ್ಲಿ. ಇಸ್ತ್ರಿಯ ಬಿಸಿ ಉರುಳೆಯಿಂದ ಹೊರಬರುವ ಹಾಸುಗಳನ್ನು ಕೊಡವಿ ಮಡಚುವ ಹೆಂಗಸರ ಜೊತೆ. ಅದು 'ಹಗುರ ದರ್ಜೆ'. ಎರಡು ದರ್ಜೆಗೂ ನಡುವೆ ಇದ್ದದ್ದು ಒಂದು ಗೋಡೆ, ಮತ್ತು ತಿಂಗಳ ಕೊನೆಯಲ್ಲಿ ಎದ್ದು ಕಾಣುವ ಸಂಬಳದ ಅಂತರ. ಗಂಡಸೊಬ್ಬ ಸೇರಿದ ದಿನವೇ ಪಡೆಯುವುದನ್ನು ಹೆಂಗಸು ನಿವೃತ್ತಿಯ ದಿನವೂ ಪಡೆಯುತ್ತಿರಲಿಲ್ಲ. ಇದನ್ನು ಯಾರೂ ಅನ್ಯಾಯ ಎಂದು ಕರೆದಿರಲಿಲ್ಲ. ದರ್ಜೆ ಎಂದು ಕರೆದಿದ್ದರು. ಒಳ್ಳೆಯ ಹೆಸರು ಸಿಕ್ಕರೆ ಕೆಟ್ಟ ಕೆಲಸಗಳಿಗೆ ಆಯುಸ್ಸು ಹೆಚ್ಚು.

ಸೊಸೆ ಮೇಲಿನ ಮಹಡಿಯ ಸಿಬ್ಬಂದಿ ವಿಭಾಗದಲ್ಲಿ ಅಧಿಕಾರಿ. ಅವಳು ಈ ಮನೆಗೆ ಬಂದದ್ದು ಅರ್ಧಕ್ಕೆ ನಿಂತ ಓದಿನ ಜೊತೆ. ಸಂಜೆ ತರಗತಿಗೆ ಸೇರಿಸಿದವರು ಅತ್ತೆ. "ನೀನು ಓದು ಮಗಳೇ, ಪಾತ್ರೆ ಎಲ್ಲೂ ಓಡಿಹೋಗಲ್ಲ" ಎಂದಿದ್ದರು. ಕಾರ್ಖಾನೆಯಿಂದ ಬಂದು, ಸೀರೆ ಕೂಡ ಬದಲಿಸದೆ, ಆ ಪಾತ್ರೆಗಳನ್ನೂ ಅವರೇ ತಿಕ್ಕಿದ್ದರು. ಕಷ್ಟವಾಗುತ್ತದೆಯೇ ಎಂದು ಸೊಸೆ ಕೇಳಿದಾಗಲೆಲ್ಲ ಒಂದೇ ಉತ್ತರ, "ಏನಿಲ್ಲ ಬಿಡು."

ಆ ವರ್ಷ ಹೊಸ ಕಾನೂನು ಜಾರಿಗೆ ಬಂದಿತ್ತು. ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂಬ ಹಳೆಯ ಮಾತನ್ನು ದಾಟಿ, ಸಮಾನ ಬೆಲೆಯ ಕೆಲಸಕ್ಕೆ ಸಮಾನ ಸಂಬಳ ಎಂದು ಅದು ಹೇಳಿತು. ಕೆಲಸಗಳ ಹೆಸರು ಬೇರೆಯಿರಲಿ. ಬೇಕಾದ ಶ್ರಮ, ಕುಶಲತೆ, ಹೊಣೆ, ಮೈಗೆ ತಗಲುವ ಕಾವು, ನೋವು ಇವನ್ನು ಅಳೆದು ನೋಡಿ, ಸಮವಾಗಿದ್ದರೆ ಸಮನಾಗಿ ಕೊಡಿ ಎಂದಿತು. ಅಂತರ ಇಟ್ಟುಕೊಂಡರೆ ಅದು ಸರಿ ಎಂದು ತೋರಿಸುವ ಹೊಣೆ ಕೆಲಸಗಾರನದಲ್ಲ, ಮಾಲೀಕನದು. ಹೊರಗಿನ ಮೌಲ್ಯಮಾಪಕರಿಂದ ಅಳೆಸಿ, ಫಲಿತಾಂಶವನ್ನು ಗೇಟಿನ ಬಳಿ ಹಚ್ಚಬೇಕು.

ಮ್ಯಾನೇಜರು ಮೃದು ಮಾತಿನ ಮನುಷ್ಯ. ಸೊಸೆಯನ್ನು ಕರೆದು, ಏರ್ಪಾಟೆಲ್ಲ ನೀವೇ ನೋಡಿಕೊಳ್ಳಿ ಎಂದರು. ನನ್ನ ಅತ್ತೆ ಮಾವ ಇಬ್ಬರೂ ಕೆಳಗೆ ಕೆಲಸ ಮಾಡುತ್ತಾರೆ ಎಂದು ಅವಳು ಮೊದಲೇ ತಿಳಿಸಿದಳು. ಈ ಕಾರ್ಖಾನೆಯಲ್ಲಿ ನೆಂಟರಿಲ್ಲದವರು ಯಾರು, ಅಂಕ ಹಾಕುವುದು ಹೊರಗಿನವರು, ನೀವು ಪ್ರಶ್ನೆ ಬರೆದು ಕೊಟ್ಟರೆ ಸಾಕು ಎಂದು ಅವರು ನಕ್ಕರು. ಅವಳು ಬರೆದು ಕೊಟ್ಟಳು. ಮೊದಲ ಪ್ರಶ್ನೆ: ನಿಮ್ಮ ಕೆಲಸ ಎಷ್ಟು ಕಷ್ಟ?

ದಪ್ಪ ಕನ್ನಡಕದ ಮೌಲ್ಯಮಾಪಕಿ ಬಂದು ಕ್ಯಾಂಟೀನಿನ ಮೂಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಿದರು. ಗಂಡಸರು ಮನಸ್ಸು ಬಿಚ್ಚಿ ಹೇಳಿದರು. ಬೆನ್ನು ಹೇಳಿದರು, ಬೆವರು ಹೇಳಿದರು, ಒಬ್ಬ ತನ್ನ ಅಪ್ಪನ ಕಾಲದ ಭಾರವನ್ನೂ ಸೇರಿಸಿ ಹೇಳಿದ. ಇನ್ನೊಬ್ಬನ ಕಥೆ ಕೇಳಿ ಮೌಲ್ಯಮಾಪಕಿ ತಮ್ಮ ಲೋಟದ ನೀರನ್ನೇ ಅವನ ಕಡೆ ತಳ್ಳಿದರಂತೆ. ಮಡಚುವ ಸಾಲಿನ ಹೆಂಗಸರು ಬಂದರು, ಕೈ ಒರೆಸಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು, ನಕ್ಕರು. "ಏನಿಲ್ಲ ಮೇಡಂ, ನಿಂತ್ಕೊಂಡು ಮಡಚೋದು ಅಷ್ಟೇ." ಎಲ್ಲರದೂ ಅದೇ. ಅತ್ತೆಯದೂ ಅದೇ.

ವಾರ ಕಳೆದು ಕರಡು ವರದಿ ಬಂತು. ಮಡಚುವವರು ಹಗುರ ದರ್ಜೆಯಲ್ಲೇ ಉಳಿದಿದ್ದರು, ಈ ಸಲ ಕಾನೂನಿನ ಮುದ್ರೆಯ ಜೊತೆ. ಸಿಬ್ಬಂದಿ ವಿಭಾಗದ ಸಹಿ ಬಿದ್ದರೆ ಗೇಟಿಗೆ ಹೋಗುತ್ತಿತ್ತು. ಮ್ಯಾನೇಜರು ಸೊಸೆಗೆ ಧನ್ಯವಾದ ಹೇಳಿದರು. "ನಿಮ್ಮತ್ತೆ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ರಂತೆ. ಅಂಥೋರು ಇರೋದ್ರಿಂದಲೇ ಸಂಸ್ಥೆ ನಡೀತಿರೋದು" ಎಂದರು.

ಅಂದು ಸಂಜೆ ಊಟಕ್ಕೆ ಕೂತಾಗ ಸೊಸೆ ತಟ್ಟೆ ಮುಟ್ಟಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಅತ್ತೆಯನ್ನು ಕೇಳಿದಳು.

"ಕೇಳಿದ್ರು, ಹೇಳಿದೆ" ಎಂದರು ಅತ್ತೆ. "ಮನೆಗೆ ಬಂದೋರು ಹೇಗಿದ್ದೀರಿ ಅಂದ್ರೆ ಸಾಯ್ತಿದ್ದೀನಿ ಅಂತೀವಾ?"

ಮಾವನಿಗೆ ಖುಷಿಯಾಯಿತು. ಇದ್ದದ್ದನ್ನೇ ಹೇಳಿದ್ದಾಳೆ, ಮಡಚುವುದೂ ಒಂದು ಕೆಲಸವೇ, ಗಾಳಿ ಬೀಸಿದರೆ ತಾನೇ ಮಡಚಿಕೊಳ್ಳುತ್ತದೆ ಎಂದರು.

"ಹಾಗಾದ್ರೆ ನಾಳೆ ಗಾಳಿನೇ ಕಳಿಸೋಣ, ಅಮ್ಮ ಮನೇಲಿರಲಿ" ಎಂದಳು ಚಿನಕುರಳಿ.

"ನೀನು ಸುಮ್ಮನಿರು. ಅವರನ್ನ ಏರಿಸೋದು ಅಂದ್ರೆ ನಮ್ಮನ್ನ ಇಳಿಸೋದು. ಅಷ್ಟೂ ಗೊತ್ತಾಗಲ್ವಾ? ಕಂಪನಿ ಹತ್ರ ಇರೋ ರೊಟ್ಟಿ ಒಂದೇ."

ಒಬ್ಬರನ್ನು ಏರಿಸಲು ಇನ್ನೊಬ್ಬರನ್ನು ಇಳಿಸುವಂತಿಲ್ಲ, ಕಾನೂನಿನಲ್ಲೇ ಹಾಗೆ ಬರೆದಿದೆ ಎಂದು ಸೊಸೆ ಹೇಳಿದಳು. ಬರೆದದ್ದನ್ನೆಲ್ಲ ನಂಬಿದ್ದರೆ ನಾನು ಇಷ್ಟು ವರ್ಷ ಬದುಕುತ್ತಿರಲಿಲ್ಲ ಎಂದು ಮಾವ ಎದ್ದು ಕೈ ತೊಳೆದರು. ಬಸ್ ಡ್ರೈವರ್ ಗಂಡ ಎರಡೂ ಕಡೆಗೆ ಒಂದೊಂದು ಸಲ ತಲೆಯಾಡಿಸಿ, ಮೊಟ್ಟೆ ತಣ್ಣಗಾಗುತ್ತಿದೆ ಎಂದ. ದಿನವಿಡೀ ಹಾರ್ನು ಕೇಳಿದವನಿಗೆ ಮನೆಯಲ್ಲಿ ಬೇಕಾದದ್ದು ನಿಶ್ಶಬ್ದ ಮಾತ್ರ. ಅದು ಅವನ ತಪ್ಪೂ ಹೌದು.

ಮರುದಿನ ಸೊಸೆ ತಾನೇ ಎಲ್ಲರಿಗಿಂತ ಮೊದಲು ಮನೆಗೆ ಬಂದೆ ಎಂದುಕೊಂಡಿದ್ದಳು. ಆದರೆ ಅಡುಗೆಮನೆಯಲ್ಲಿ ಸದ್ದಾಯಿತು. ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಗಿತ್ತು. ಅತ್ತೆ ನೆಲದ ಮೇಲೆ ಕೂತಿದ್ದರು. ಬೇಳೆ ಡಬ್ಬಿ ಮಂಡಿಗಳ ನಡುವೆ ಸಿಕ್ಕಿಕೊಂಡಿತ್ತು. ಒಂದು ಕೈಯಲ್ಲಿ ಚಾಕು; ಅದರ ತುದಿಯಿಂದ ಮುಚ್ಚಳದ ಅಂಚನ್ನು ಮೀಟುತ್ತಿದ್ದರು. ತುಟಿ ಕಚ್ಚಿ ಬಿಳಿಯಾಗಿತ್ತು.

"ಯಾರು ಇದನ್ನ ಇಷ್ಟು ಗಟ್ಟಿಯಾಗಿ ಹಾಕಿದ್ದು?" ಎಂದರು, ಮಗುವಿನ ದನಿಯಲ್ಲಿ.

ಸೊಸೆ ಡಬ್ಬಿ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. ಮಾವ ಬಿಗಿದದ್ದು ನಿಜ, ಆದರೆ ಅಂಥಾ ಕಷ್ಟವೇನಲ್ಲ, ಬಂತು. ಅತ್ತೆ ಮುಖ ತಿರುಗಿಸಿ ಎದ್ದು, ಮೊಣಕೈಯಿಂದ ನಲ್ಲಿ ತಿರುಗಿಸಿದರು. ಸೊಂಟದಿಂದ ಕಪಾಟು ಮುಚ್ಚಿದರು. ಪಾತ್ರೆಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದರು. ಇದನ್ನೆಲ್ಲ ಸೊಸೆ ಎಷ್ಟೋ ಸಲ ನೋಡಿದ್ದಳು. ಅತ್ತೆಯ ನಡಿಗೆ, ಅತ್ತೆಯ ನಗು ಇದ್ದ ಹಾಗೆ ಇದೂ ಅತ್ತೆಯ ರೀತಿ ಎಂದುಕೊಂಡಿದ್ದಳು.

"ಕೈ ತೋರಿಸಿ" ಎಂದಳು.

"ಏನಿಲ್ಲ ಬಿಡು."

"ತೋರಿಸಿ ಅತ್ತೆ."

ಬಲಗೈಯ ಹೆಬ್ಬೆರಳ ಬುಡ ಊದಿತ್ತು. ಮುಷ್ಟಿ ಕಟ್ಟಲು ಹೋದರೆ ಬೆರಳುಗಳು ಅರ್ಧದಲ್ಲೇ ನಿಲ್ಲುತ್ತಿದ್ದವು. ಉರುಳೆಯಿಂದ ಹಾಸು ಹೊರಬಂದಾಗ ಮೂಲೆಗಳನ್ನು ಹೆಬ್ಬೆರಳಲ್ಲಿ ಚಿವುಟಿ ಹಿಡಿಯಬೇಕು, ಸುಕ್ಕು ಬಿಡಿಸಲು ಮಣಿಕಟ್ಟಿನಿಂದ ಒಮ್ಮೆ ಜೋರಾಗಿ ಕೊಡವಬೇಕು, ಮಡಚಿ ಅಂಚನ್ನು ಅಂಗೈಯಿಂದ ಒತ್ತಿ ಎಳೆಯಬೇಕು. ಬಿಸಿ ಇರುವಾಗಲೇ ಆಗಬೇಕು, ಆರಿದರೆ ಗೆರೆ ನಿಲ್ಲುವುದಿಲ್ಲ. ಅತ್ತೆ ಇದನ್ನು ಅಡುಗೆಯ ವಿಧಾನ ಹೇಳಿದ ಹಾಗೆ ಹೇಳಿದರು. ಆ ಸಾಲಿನಲ್ಲಿ ಎಲ್ಲರ ಕೈಯೂ ಹೀಗೇ. ಬಟ್ಟೆಯ ಗುಂಡಿ ಹಾಕಿಕೊಳ್ಳಲಾಗದೆ ಮಗಳಿಂದ ಹಾಕಿಸಿಕೊಂಡು ಬರುವವರಿದ್ದಾರೆ.

"ಮತ್ತೆ ಯಾಕೆ ಹೇಳಲಿಲ್ಲ?"

"ಉದ್ದ ಜಡೆಯವಳು ಹೇಳಿದ್ಲು" ಎಂದರು ಅತ್ತೆ. "ನೀನು ಬರೋಕೂ ಮುಂಚೆ. ನನ್ನ ಪಕ್ಕದಲ್ಲೇ ನಿಲ್ತಿದ್ಲು. ಕೈ ಎತ್ತೋಕಾಗಲ್ಲ ಅಂತ ಮೇಲೆ ಹೋಗಿ ಹೇಳಿದ್ಲು. ಹಾಗಾದ್ರೆ ಮನೇಲಿ ವಿಶ್ರಾಂತಿ ತಗೋಮ್ಮ ಅಂದ್ರು. ಅಷ್ಟೇ. ವಾಪಸ್ ಕರೀಲೇ ಇಲ್ಲ. ಕೈ ಕೆಟ್ಟಿದೆ ಅಂತ ಹೇಳಿದೋರ ಕೈನೇ ಬಿಡ್ತಾರೆ ಕಣೇ."

ಈಗ ಹಾಗೆ ತೆಗೆಯುವಂತಿಲ್ಲ ಎಂದು ಸೊಸೆ ವಿವರಿಸಿದಳು. ಕೆಲಸದಿಂದಲೇ ಮೈ ಕೆಟ್ಟರೆ ಮೈಗೆ ತಕ್ಕಂತೆ ಕೆಲಸವನ್ನು ಬದಲಿಸಿ ಕೊಡಬೇಕು. ಮನುಷ್ಯರನ್ನು ಬದಲಿಸುವ ಹಾಗಿಲ್ಲ.

"ನಿನ್ನ ಕಾನೂನಿಗೆ ಹಲ್ಲು ಬಂದಿದೆಯಾ?"

"ಬರ್ತಿದೆ."

"ಬಂದ ಮೇಲೆ ಹೇಳು."

ಮಾವನಿಗೆ ಹೇಳಬಾರದೆಂದು ಭಾಷೆ ತೆಗೆದುಕೊಂಡರು. ಗಂಡಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಒಗೆಯುವ ವಿಭಾಗದಲ್ಲಿ ಒಬ್ಬನಿಗೆ ಗೊತ್ತಾದರೆ ಮೇಲಿನ ಮಹಡಿಗೆ ಗೊತ್ತಾದಂತೆ ಎಂದರು.

ಸೊಸೆ ಸಹಿ ಹಾಕಲಿಲ್ಲ. ಪ್ರಶ್ನೆ ನಾನೇ ಬರೆದದ್ದು, ಪ್ರಶ್ನೆಯೇ ತಪ್ಪು ಎಂದು ಮ್ಯಾನೇಜರಿಗೆ ಹೇಳಿದಳು. ಕಷ್ಟವೇ ಎಂದು ಕೇಳಿದರೆ ಗಂಡಸು ಕಷ್ಟ ಹೇಳುತ್ತಾನೆ, ಹೆಂಗಸು ಮರ್ಯಾದೆ ಹೇಳುತ್ತಾಳೆ. ಏನು ಮಾಡುತ್ತೀರಿ ಎಂದು ಕೇಳಬೇಕಿತ್ತು, ನಿಂತು ನೋಡಬೇಕಿತ್ತು.

ಮ್ಯಾನೇಜರು ಆಗಲೂ ದನಿ ಏರಿಸಲಿಲ್ಲ. "ಮನೆಯವರಿಗೆ ಲಾಭ ಆಗ್ಲಿ ಅಂತ ವರದಿ ತಿದ್ದಿಸಿದ್ರು ಅಂತ ನಾಳೆ ಜನ ಅಂದ್ರೆ ನಾನೇನು ಹೇಳಲಿ? ನಿಮ್ಮ ಕೆಲಸ ಕಾಯಂ ಆಗೋ ಹೊತ್ತು ಇದು. ಯೋಚನೆ ಮಾಡಿ."

"ನನ್ನನ್ನ ಇದರಿಂದ ಹೊರಗಿಡಿ ಸರ್. ನಾನು ಆ ದಿನ ಕೆಳಗೆ ಇಳಿಯೋದೂ ಇಲ್ಲ. ಆದ್ರೆ ಪ್ರಶ್ನೆ ತಪ್ಪು ಅಂತ ಮೌಲ್ಯಮಾಪಕರಿಗೆ ಹೇಳೋದು ನನ್ನ ಕೆಲಸ."

ಅವರ ಮುಂದೆಯೇ ಫೋನು ಮಾಡಿದಳು. ಅಂಕ ಬದಲಿಸಿ ಎಂದು ಫೋನು ಮಾಡುವವರು ಬೇಕಾದಷ್ಟು ಜನ, ಪ್ರಶ್ನೆ ಬದಲಿಸಿ ಎಂದವರು ನೀವೇ ಮೊದಲು, ನಿಮಗೆ ಕೃತಜ್ಞಳಾಗಿದ್ದೇನೆ ಎಂದರು ಆ ಕಡೆಯಿಂದ ಮೌಲ್ಯಮಾಪಕಿ. ಮತ್ತೆ ಬರಲು ಒಪ್ಪಿದರು.

ಮನೆಯಲ್ಲಿ ಮುಚ್ಚಳಗಳ ಯುದ್ಧ ನಡೆದಿತ್ತು. ಬೆಳಗ್ಗೆ ಮಾವ ಬಿಗಿಯುತ್ತಿದ್ದರು. ಅವರು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಸೊಸೆ ಓಡಿ ಬಂದು ಸಡಿಲಿಸುತ್ತಿದ್ದಳು. ಸಂಜೆ ಮಾವ ಬಂದು ಮತ್ತೆ ಬಿಗಿಯುತ್ತಿದ್ದರು. ಮನೆಯಲ್ಲಿ ದೆವ್ವ ಇದೆ, ಅದಕ್ಕೆ ಉಪ್ಪು ಸಕ್ಕರೆಯ ಆಸೆ ಎಂದು ಚಿನಕುರಳಿ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳುತ್ತಿದ್ದಳು.

ಒಂದು ರಜೆಯ ದಿನ ಮಾವ ಬಾಗಿಲವರೆಗೆ ಹೋಗಿ ಛತ್ರಿಗೆಂದು ತಿರುಗಿ ಬಂದರು. ಸೊಸೆಯ ಕೈ ಸಕ್ಕರೆ ಡಬ್ಬಿಯ ಮೇಲಿತ್ತು. ಎಣ್ಣೆಯದು, ಉಪ್ಪಿನದು ಆಗಲೇ ಸಡಿಲಾಗಿದ್ದವು.

"ಹಾಗಾದ್ರೆ ನೀನೇ" ಎಂದರು. "ಇಷ್ಟು ದಿನ ಸುಮ್ಮನೆ ನಿನ್ನನ್ನ ಅಂದೆನಲ್ಲಾ ಅಂತ ಒಂದೊಂದು ಸಲ ಬೇಜಾರೂ ಆಗ್ತಿತ್ತು ನಂಗೆ. ಬೇಕು ಅಂತಲೇ ಮಾಡ್ತಿದ್ದೀಯ. ನನ್ನ ದರ್ಜೆ ಕೀಳೋದು ಸಾಲದು ಅಂತ ಮನೇಲೂ ನನ್ನ ಮಾತು ನಡೀಬಾರದು, ಅಲ್ವಾ?"

ಸೊಸೆ ಅತ್ತೆಗೆ ಕೊಟ್ಟ ಭಾಷೆ ನಾಲಿಗೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಗಂಡ ಪತ್ರಿಕೆ ಕೆಳಗಿಟ್ಟ. ಆಗ ಒಳಕೋಣೆಯ ಬಾಗಿಲಲ್ಲಿ ಅತ್ತೆ ಬಂದು ನಿಂತರು.

"ಅವಳನ್ನ ಬಿಡ್ರೀ. ಮುಚ್ಚಳ ಬಿಗಿಯಾದ್ರೆ ನಂಗೆ ತೆಗೆಯೋಕೆ ಆಗಲ್ಲ."

ಆಗಲ್ಲ ಎಂಬ ಮಾತನ್ನು ಆ ಬಾಯಿಂದ ಆ ಮನೆ ಹಿಂದೆಂದೂ ಕೇಳಿರಲಿಲ್ಲ.

ಮಾವ ಹತ್ತಿರ ಬಂದು ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ದಿನವೂ ಊಟ ಬಡಿಸಿದ ಕೈ. "ನಂಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ಮುಚ್ಚಳ ಯಾರು ಹಾಕಿಲ್ಲ ಅಂತ ಕೇಳಿದ್ರಿ. ಯಾಕೆ ಹಾಕಿಲ್ಲ ಅಂತ ಕೇಳಲಿಲ್ಲ."

ಮಾವ ಛತ್ರಿ ತೆಗೆದುಕೊಳ್ಳದೆಯೇ ಹೊರಗೆ ಹೋದರು. ಮಳೆಯಲ್ಲಿ ನೆನೆದು ಬಂದರು. ಬಂದವರು ನೇರ ಅಡುಗೆಮನೆಗೆ ಹೋಗಿ, ತಾವೇ ಬಿಗಿದಿದ್ದ ಕೊನೆಯ ಡಬ್ಬಿಯ ಮುಚ್ಚಳವನ್ನು ಸಡಿಲಿಸಿದರು.

ಮೌಲ್ಯಮಾಪಕಿ ಬಂದ ದಿನ ಸೊಸೆ ಮಾತಿಗೆ ತಪ್ಪದೆ ಮೇಲಿನ ಮಹಡಿಯಲ್ಲೇ ಕೂತಳು. ಕೆಳಗೆ ಮಡಚುವ ಸಾಲು ಎಂದಿಗಿಂತ ಜೋರಾಗಿ ಓಡುತ್ತಿತ್ತು. ನೋಡಲು ಜನ ಬಂದಿದ್ದಾರೆ ಎಂದರೆ ಚೆನ್ನಾಗಿ ಕಾಣಬೇಕಲ್ಲ. ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಂಡು, ನಗುತ್ತಾ, ಹಾಸಿನ ಮೇಲೆ ಹಾಸು ಒಟ್ಟುತ್ತಿದ್ದರು. ಉರುಳೆಯ ಕಾವಿಗೆ ಮೌಲ್ಯಮಾಪಕಿಯ ಕನ್ನಡಕ ಮಂಜಾಯಿತು. ಒರೆಸಿಕೊಂಡು, ಬಲಗೈ ಏನು ಮಾಡುತ್ತದೆ ತೋರಿಸಿ ಎಂದರು. ಒಬ್ಬಳು ತೋರಿಸಿದಳು, ಏನಿಲ್ಲ ಮೇಡಂ ಹೀಗೆ ಅಂದರೆ ಹೀಗೆ ಎಂದಳು. ಇನ್ನೊಬ್ಬಳೂ ಹಾಗೇ ಅಂದಳು. ಗೋಡೆಯ ಬಳಿ ನಿಂತಿದ್ದ ಮ್ಯಾನೇಜರು ಸಮಾಧಾನದಿಂದ ತಲೆದೂಗಿದರು.

ಅತ್ತೆಯ ಸರದಿ ಬಂತು. ಅವರು ಹಾಸನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಬಿಸಿ ಹಾಸು ಯಾರ ಕೈಯೂ ತಗಲದೆ ಸುಕ್ಕಾಗಿ ಬಿದ್ದಿತ್ತು.

"ಆವತ್ತು ನಾನು ಏನಿಲ್ಲ ಅಂದೆ ಮೇಡಂ. ಅದು ಸುಳ್ಳು" ಎಂದರು. "ಮುಷ್ಟಿ ಕಟ್ಟು ಅಂದ್ರೆ ಇಷ್ಟೇ ಆಗೋದು. ಇದಕ್ಕಿಂತ ಆಗಲ್ಲ." ಕೈ ಎತ್ತಿ ತೋರಿಸಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, ಮನೆಗೆ ಕಳಿಸುವುದಾದರೆ ಕಳಿಸಿ, ಆದರೆ ಹಗುರ ಎಂದು ಮಾತ್ರ ಬರೆಯಬೇಡಿ ಎಂದರು.

ಆಮೇಲೆ ಪಕ್ಕದವಳು ತನ್ನ ಹಾಸನ್ನೂ ಕೆಳಗಿಟ್ಟು ಕೈ ಎತ್ತಿದಳು. ಅವಳಾಚೆಯವಳು ಎತ್ತಿದಳು. ಮುಷ್ಟಿಯಾಗದ ಕೈಗಳು ಸಾಲಾಗಿ ಮೇಲೆದ್ದವು. ಘೋಷಣೆ ಕೂಗುವಾಗ ನಾವೆಲ್ಲ ಮುಷ್ಟಿ ಬಿಗಿದು ಎತ್ತುತ್ತೇವೆ. ಬಿಗಿಯಲಾಗದ ಮುಷ್ಟಿಗಿಂತ ದೊಡ್ಡ ಘೋಷಣೆ ಇನ್ನೊಂದಿಲ್ಲ. ಉರುಳೆಯನ್ನು ನಿಲ್ಲಿಸಬೇಕಾಯಿತು, ಮಡಚುವವರಿಲ್ಲದೆ ಹಾಸುಗಳು ನೆಲದ ಮೇಲೆ ಬೀಳುತ್ತಿದ್ದವು.

ಗೋಡೆಯಾಚೆ ಗಂಡಸರು ಮಾವನನ್ನು ಮುಂದೆ ಬಿಟ್ಟಿದ್ದರು. ಹಿರಿಯ, ಮಾತು ಬಲ್ಲವರು. ಭಾರದ ಬಗ್ಗೆ ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಏನು ಮಾಡುತ್ತೀರಿ ತೋರಿಸಿ ಎಂದರು ಮೌಲ್ಯಮಾಪಕಿ. ಮಾವ ಗಂಟು ತುಂಬಿದ ಗಾಡಿಯನ್ನು ಯಂತ್ರದ ಮುಂದೆ ನಿಲ್ಲಿಸಿ ಗುಂಡಿ ಒತ್ತಿದರು. ಗಾಡಿ ತಾನೇ ಮೇಲೆದ್ದು, ವಾಲಿ, ಗಂಟನ್ನು ಯಂತ್ರದ ಬಾಯಿಗೆ ಸುರಿಯಿತು.

"ಮುಂಚೆ ಹೆಗಲ ಮೇಲೆ ಹೊರ್ತಿದ್ವಿ" ಎಂದರು ಮಾವ. "ಅದು ನಿಜವಾದ ಭಾರ. ಈಗಲೂ ಕೊಳೆ ಇದೆ, ವಾಸನೆ ಇದೆ, ಎಳೆಯೋದು ಇದೆ. ನಮ್ಮದು ಹಗುರ ಅಂತ ನಾನು ಹೇಳಲ್ಲ. ಆದ್ರೆ ನಮ್ಮ ಭಾರ ಎತ್ತೋಕೆ ಯಂತ್ರ ಬಂತು. ಗೋಡೆ ಆ ಕಡೆಯವರದನ್ನ ಎತ್ತೋಕೆ ಇನ್ನೂ ಏನೂ ಬಂದಿಲ್ಲ."

ಅವರ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಧ್ಯಾಹ್ನದಿಂದ ಚಹಾದ ಹೊತ್ತಿನಲ್ಲಿ ಮಾವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಹೆಂಡತಿಗೆ ಹೆದರಿ ನಮ್ಮ ಹೊಟ್ಟೆಗೆ ಹೊಡೆದ ಎಂದರು. ಫ್ಲಾಸ್ಕಿನಲ್ಲಿ ಗೆಳೆಯರಿಗೆಂದು ಹೆಚ್ಚಿಗೆ ಒಯ್ದ ಚಹಾ ದಿನವೂ ಹಾಗೇ ಮನೆಗೆ ವಾಪಸಾಗುತ್ತಿತ್ತು. ಮಾವ ಅದನ್ನು ಸಿಂಕಿಗೆ ಸುರಿದು ಫ್ಲಾಸ್ಕು ತೊಳೆದಿಡುತ್ತಿದ್ದರು. ಒಂದು ಸಂಜೆ ಚಿನಕುರಳಿ ಎರಡು ಲೋಟ ತಂದು ಪಕ್ಕದಲ್ಲಿ ಕೂತಳು. ಚೆಲ್ಲಬೇಡಿ ಅಪ್ಪ, ಆರಿದ ಚಹಾ ಕೂದಲಿಗೆ ಒಳ್ಳೆಯದು ಅಂತಾರೆ, ನಾನು ಹೊಟ್ಟೆಯಿಂದ ಹಚ್ಚಿಕೊಳ್ಳುತ್ತೇನೆ ಎಂದಳು. ಮಾವ ಆ ವಾರ ಮೊದಲ ಸಲ ನಕ್ಕರು. ಆಮೇಲೆ ಸೊಸೆಯನ್ನು ಕರೆದು, ಇಳಿಸುವಂತಿಲ್ಲ ಎಂದು ಎಲ್ಲಿ ಬರೆದಿದೆ, ನಂಗೆ ಅರ್ಥವಾಗುವ ಹಾಗೆ ಹೇಳು ಎಂದರು. ಅವಳು ಹೇಳಿದಳು. ಅವರು ತಿರುಗಿ ಹೇಳಿ ತೋರಿಸಿದರು. ತಪ್ಪಿದ ಕಡೆ ಅವಳು ತಿದ್ದಿದಳು. ಮರುದಿನ ಅವರು ಬೆನ್ನು ತಿರುಗಿಸಿ ಕೂತ ಗೆಳೆಯರ ಬೆನ್ನಿಗೇ ಅದನ್ನು ಹೇಳಿ ಬಂದರು.

ಗೇಟಿನ ಬಳಿ ಪ್ರಕಟಣೆ ಬೀಳಲು ಇನ್ನೂ ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ಅತ್ತೆ ಪ್ರತಿ ಬೆಳಗ್ಗೆ ಗೇಟಿನ ಕಾವಲುಗಾರನ ಮುಖ ನೋಡುತ್ತಿದ್ದರು, ಇವತ್ತು ಒಳಗೆ ಬಿಡುತ್ತಾನೋ ಇಲ್ಲವೋ ಎಂದು. ಬಿಡುತ್ತಿದ್ದ. ಸೊಸೆಯೂ ತನ್ನ ಮೇಜಿನ ಖಾನೆಯಲ್ಲಿದ್ದ ಸ್ವಂತ ಸಾಮಾನುಗಳನ್ನು ಒಂದು ಚೀಲಕ್ಕೆ ಹಾಕಿಟ್ಟುಕೊಂಡಿದ್ದಳು, ಯಾವುದಕ್ಕೂ ಇರಲಿ ಎಂದು. ಆ ಚೀಲವನ್ನು ನೋಡಿದ ಗಂಡ ಮೊದಲ ಸಲ ತಾನಾಗಿ ಬಾಯಿ ಬಿಟ್ಟ. ಕಳೆದುಕೊಂಡರೆ ಕಳೆದುಕೊಳ್ಳೋಣ, ಇಬ್ಬರಿಗೂ ನನ್ನ ಬಸ್ಸಿನಲ್ಲಿ ಸೀಟಿದೆ ಎಂದ. ಮೂರ್ಖ ಮಾತು. ಆದರೂ ಅವಳಿಗೆ ಅದರಿಂದ ಧೈರ್ಯ ಬಂತು.

ಒಂದು ಬೆಳಗ್ಗೆ ಗೇಟಿನ ಬಳಿ ಜನ ಸೇರಿದ್ದರು. ಮಡಚುವ ಸಾಲು ಮತ್ತು ಒಗೆಯುವ ಸಾಲು ಇನ್ನು ಒಂದೇ ದರ್ಜೆ. ಯಾರದೂ ಇಳಿದಿಲ್ಲ. ಮೇಜುಗಳ ಎತ್ತರ ಬದಲಾಗಬೇಕು, ಕೊಡವುವುದು ಮಡಚುವುದು ಸರದಿಯ ಮೇಲೆ ನಡೆಯಬೇಕು, ಕೈ ನೋಯುವವರಿಗೆ ಬೇರೆ ಜಾಗ ಕೊಡಬೇಕು, ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಸೊಸೆಯ ಕೆಲಸವೂ ಕಾಯಂ ಆಯಿತು. ತೆಗೆದರೆ ಯಾಕೆಂದು ಹೇಳುವ ಹೊಣೆ ಈಗ ಮ್ಯಾನೇಜರ ಮೇಲಿತ್ತು.

ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಭಾಷಣ ಮಾಡಿದರು. ಸಂಸ್ಥೆಯ ಔದಾರ್ಯ ಎಂದರು, ಕುಟುಂಬದ ಭಾವನೆ ಎಂದರು. ಕೊಡದೆ ಇಟ್ಟುಕೊಂಡದ್ದನ್ನು ಕೊಡುವಾಗಲೂ ಕೈ ಮೇಲಿರಬೇಕು ಅನ್ನುವವರು ಎಲ್ಲ ಕಡೆಯೂ ಇದ್ದಾರೆ. ಮಡಚುವ ಸಾಲಿನ ಪರವಾಗಿ ಹಿರಿಯರೊಬ್ಬರು ಎರಡು ಮಾತಲ್ಲಿ ಕೃತಜ್ಞತೆ ಹೇಳಲಿ ಎಂದು ಮೈಕನ್ನು ಅತ್ತೆಯ ಕಡೆ ಚಾಚಿದರು.

ಅತ್ತೆ ಅದನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡರು.

"ಉಪಕಾರ ನೆನೆಯಲೇಬೇಕು" ಎಂದರು. "ನಮ್ಮ ಸಾಲಲ್ಲಿ ಉದ್ದ ಜಡೆಯವಳು ಅಂತ ಇದ್ದಳು. ಕಾನೂನಿಲ್ಲದ ಕಾಲದಲ್ಲಿ ಒಬ್ಬಳೇ ಮೆಟ್ಟಿಲು ಹತ್ತಿ ಹೋಗಿ ನಿಜ ಹೇಳಿದ್ಲು. ನಾವ್ಯಾರೂ ಹಿಂದೆ ಹೋಗಲಿಲ್ಲ. ಅವಳಿಗೆ ನಮ್ಮ ನಮಸ್ಕಾರ. ಅವಳ ಮನೆ ನನಗೆ ಗೊತ್ತು, ಭಾನುವಾರ ಹೋಗ್ತೀನಿ. ಬರೋರು ಬನ್ನಿ. ಆಮೇಲೆ, ಕೈ ಎತ್ತಿದ ನಿಮ್ಮೆಲ್ಲರಿಗೂ. ಗೋಡೆ ಆ ಕಡೆ ಒಬ್ಬರಿಗೆ. ಮೇಲಿನ ಮಹಡೀಲಿ ಒಬ್ಬಳಿಗೆ." ಮೈಕನ್ನು ವಾಪಸು ಕೊಟ್ಟರು. ಅದರಲ್ಲಿ ಮ್ಯಾನೇಜರಿಗೆ ಏನೂ ಉಳಿದಿರಲಿಲ್ಲ.

ಕಿಟಕಿಯ ಬಳಿ ನಿಂತಿದ್ದ ಸೊಸೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕಟ್ಟಿಟ್ಟ ಚೀಲವನ್ನು ಬಿಚ್ಚಿದಳು. ಅಂಗಳದಲ್ಲಿ ಚಹಾದ ಹೊತ್ತಾಗಿತ್ತು. ಮಾವನ ಬೆಂಚಿಗೆ ಒಬ್ಬ ಬಂದು, ಏನೂ ಆಗಿಲ್ಲವೆಂಬಂತೆ, ಖಾಲಿ ಲೋಟ ಮುಂದಿಟ್ಟ. ಮಾವ ಫ್ಲಾಸ್ಕು ಬಗ್ಗಿಸಿದರು.

ಭಾನುವಾರ ಹೊರಡುವ ಗಡಿಬಿಡಿ. ಅತ್ತೆಯ ಜೊತೆ ಹೋಗಲು ಮಡಚುವ ಸಾಲಿನ ಅರ್ಧ ಜನ ಬೀದಿಯಲ್ಲಿ ಆಗಲೇ ನಿಂತು ಕರೆಯುತ್ತಿದ್ದರು. ಎಲ್ಲರಿಗೂ ಚಹಾ ಆಗಲಿ ಎಂದು ಚಿನಕುರಳಿ ಅಡುಗೆಮನೆಗೆ ಓಡಿ ಸಕ್ಕರೆ ಡಬ್ಬಿಯನ್ನು ಎತ್ತಿದಳು. ಮುಚ್ಚಳ ಅವಳ ಕೈಯಲ್ಲಿ ಉಳಿಯಿತು. ಒಲೆಯ ಬುಡದಿಂದ ಹೊಸ್ತಿಲವರೆಗೆ ಸಕ್ಕರೆ.

"ಕತ್ತು ಹಿಡಿದ್ರೆ ಹಾಗೇ ಆಗೋದು" ಎಂದರು ಮಾವ, ಬಾಗಿಲಲ್ಲಿ ನಿಂತು. "ಸೊಂಟ ಹಿಡೀಬೇಕು."

"ಮುಚ್ಚಳ ಹೀಗೆ ಬಿಟ್ಟಿದ್ದು ಯಾರು ಮೊದಲು ಹೇಳಿ."

ಅತ್ತೆ ಪೊರಕೆಗೆ ಕೈ ಚಾಚಿದ್ದರು. ಮಾವ ಅದನ್ನು ಮೆಲ್ಲನೆ ಬಿಡಿಸಿಕೊಂಡು ಬಗ್ಗಿ ಗುಡಿಸತೊಡಗಿದರು.

"ಬಿಡು, ನಂದೇ ಇರಬೇಕು" ಎಂದರು. "ನೀನು ಹೊರಡು, ಜನ ಕಾಯ್ತಿದ್ದಾರೆ."